ಅಪ್ಪನ ಅಂಗಾಲಿನ ನೋವಿಲ್ಲದ ಹುಣ್ಣು ಬುರುಲಿ ಹುಣ್ಣೇ?

ಕಬ್ಬು ಕಡಿಯುವ ನಿಮ್ಮ ತಂದೆಯವರ ಅಂಗಾಲಿನಲ್ಲಿ ಎರಡು ತಿಂಗಳಿಂದ ಹುಣ್ಣಿದೆ, ನೋವೇ ಇಲ್ಲ. ಮೊಬೈಲ್‌ನಲ್ಲಿ ಹುಡುಕಿದರೆ ‘ಬುರುಲಿ ಹುಣ್ಣು’ ಎಂದು ಬಂತು. ಕೃಷ್ಣೆಯ ಹಿನ್ನೀರಿನಿಂದ ತಗುಲಿತೇ, ಮನೆಯವರಿಗೂ ಹರಡುತ್ತದೆಯೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ. ಬಾಗಲಕೋಟೆ ಜಿಲ್ಲೆಯಲ್ಲಿ ಕುಷ್ಠರೋಗ ತಪಾಸಣೆಗೆಂದು ಊರೂರು ಅಲೆದು ನಿವೃತ್ತನಾದವನು. ಆ ಅನುಭವದ ಮೇಲೆ ಹೇಳುತ್ತೇನೆ.

ಮೊದಲು ಹಿನ್ನೀರಿನ ಭಯ ಬಿಡಿ. ಬುರುಲಿ ನಮ್ಮ ಸೀಮೆಯ ರೋಗವಲ್ಲ. ಅದು ಹೆಚ್ಚಾಗಿ ಕಾಣುವುದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಜೌಗು ಪ್ರದೇಶಗಳಲ್ಲಿ ಮತ್ತು ಆಸ್ಟ್ರೇಲಿಯಾದಲ್ಲಿ. 1897ರಲ್ಲೇ ಉಗಾಂಡದಲ್ಲಿ ಆಲ್ಬರ್ಟ್ ಕುಕ್ ಎಂಬ ವೈದ್ಯರು ಇಂಥ ಹುಣ್ಣುಗಳನ್ನು ಗುರುತಿಸಿದ್ದರು. ರೋಗಾಣುವಿನ ವಿವರ ಹೊರಬಂದದ್ದು 1948ರಲ್ಲಿ, ಆಸ್ಟ್ರೇಲಿಯಾದಿಂದ. ಉಗಾಂಡದ ಬುರುಲಿ ಪ್ರಾಂತ್ಯದಲ್ಲಿ 1960ರ ದಶಕದಲ್ಲಿ ಬಹಳ ಜನರಿಗೆ ಬಂದದ್ದರಿಂದ ಆ ಹೆಸರು ನಿಂತಿತು. ಒಬ್ಬರಿಂದ ಒಬ್ಬರಿಗೆ ಹರಡುವುದು ತೀರಾ ಅಪರೂಪ.

ಆ ರೋಗಾಣು ಕ್ಷಯ ಮತ್ತು ಕುಷ್ಠದ ರೋಗಾಣುಗಳ ದಾಯಾದಿ. 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪು ಅದಕ್ಕೆ ಹಿತ, ಹಾಗಾಗಿ ಒಳ ಅಂಗಗಳಿಗಿಂತ ಚರ್ಮವನ್ನೇ ಹಿಡಿಯುತ್ತದೆ, ಅದರಲ್ಲೂ ಕೈಕಾಲುಗಳನ್ನು. ಮೈಕೋಲ್ಯಾಕ್ಟೋನ್ ಎಂಬ ವಿಷವನ್ನು ಸ್ರವಿಸಿ ಚರ್ಮದಡಿಯ ಕೊಬ್ಬನ್ನು ಕೊಲ್ಲುತ್ತದೆ. ಆ ವಿಷವೇ ನೋವನ್ನೂ ಅಡಗಿಸುತ್ತದೆ. ಮಳೆಗಾಲದಲ್ಲಿ ಹೊಳೆಯ ದಂಡೆ ನೋಡಿದ್ದೀರಲ್ಲ, ಮೇಲೆ ಹುಲ್ಲು ಹಸಿರಾಗಿರುತ್ತದೆ, ಅಡಿಯಲ್ಲಿ ನೀರು ಮಣ್ಣನ್ನು ಕೊರೆದು ಪೊಳ್ಳು ಮಾಡಿರುತ್ತದೆ. ಬುರುಲಿ ಹುಣ್ಣಿನ ಅಂಚೂ ಹಾಗೆಯೇ: ಬಾಯಿ ಚಿಕ್ಕದು, ಒಳಗೆ ಅಗಲ. ಬೇಗ ಗುರುತಿಸಿದರೆ ರಿಫಾಂಪಿಸಿನ್ ಮತ್ತು ಕ್ಲಾರಿಥ್ರೊಮೈಸಿನ್ ಮಾತ್ರೆಗಳನ್ನು 8 ವಾರ ಕೊಟ್ಟು ವಾಸಿ ಮಾಡುತ್ತಾರೆ.

ಆದರೆ ನಮ್ಮ ಜಿಲ್ಲೆಯಲ್ಲಿ, ಅದೂ ಅಂಗಾಲಿನಲ್ಲಿ, ನೋಯದ ಹುಣ್ಣು ಎಂದರೆ ನನಗೆ ಎರಡೇ ಅನುಮಾನ: ಸಕ್ಕರೆ ಕಾಯಿಲೆ, ಇಲ್ಲವೇ ಕುಷ್ಠ. ಎರಡರಲ್ಲೂ ನರ ಸತ್ತು ಕಾಲು ಜೋಮು ಹಿಡಿಯುತ್ತದೆ, ಗಾಯ ಆಮೇಲೆ ಬರುತ್ತದೆ. ಮುಧೋಳದ ಕಡೆಯ ಒಬ್ಬ ಹಿರಿಯರು ನೆನಪಾಗುತ್ತಾರೆ. ಹುಣ್ಣಿಗೆ ಅರಿಶಿನ ಮೆತ್ತಿಕೊಂಡು ಬಂದು ಕೂತಿದ್ದರು. ಯಾಕೋ ಅವರ ಟೈರಿನ ಚಪ್ಪಲಿಯನ್ನು ಎತ್ತಿ ನೋಡಿದೆ; ಮೊಳೆಯೊಂದು ತಳದಿಂದ ಮೇಲಕ್ಕೆ ಕಾಲು ಅಂಗುಲ ಚುಚ್ಚಿಕೊಂಡಿತ್ತು, ತುದಿಯಲ್ಲಿ ಒಣಗಿದ ರಕ್ತ. ಅದೇ ಚಪ್ಪಲಿಯಲ್ಲಿ ಅವರು ಎಂಟು ದಿನ ಹೊಲಕ್ಕೆ ಹೋಗಿ ಬಂದಿದ್ದರು. ‘ನೋವಿದ್ದರೆ ತಾನೇ ಬರುವುದು, ಸಾಹೇಬರೇ’ ಎಂದರು. ಬೆನ್ನ ಮೇಲೆ ಕುಷ್ಠದ ಗುರುತಾದ, ಸ್ಪರ್ಶ ತಿಳಿಯದ ಮಚ್ಚೆಗಳಿದ್ದವು. ಎಷ್ಟು ವರ್ಷಗಳಿಂದಲೋ!

ನಿಮ್ಮ ತಂದೆಯವರ ಕಣ್ಣು ಮುಚ್ಚಿಸಿ, ಪೆನ್ನಿನ ತುದಿಯಿಂದ ಪಾದವನ್ನು ಅಲ್ಲಲ್ಲಿ ಹಗುರವಾಗಿ ಮುಟ್ಟಿ, ಎಲ್ಲಿ ಮುಟ್ಟಿದೆ ಎಂದು ಕೇಳಿ. ಮೈಮೇಲೆ ಮಾಸಲು ಬಿಳುಪಿನ ಅಥವಾ ಕೆಂಪು ಮಚ್ಚೆ ಇದ್ದರೆ ಅಲ್ಲಿಯೂ ಮುಟ್ಟಿ ಕೇಳಿ. ಉತ್ತರ ತಪ್ಪಿದರೂ ಸರಿ, ತಪ್ಪದಿದ್ದರೂ ಸರಿ, ಈ ವಾರವೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಕಾರ್ಖಾನೆ ಹಂಗಾಮು ಮುಗಿಯಲಿ ಎಂದು ಅವರು ಹೇಳಿಯೇ ಹೇಳುತ್ತಾರೆ, ಕೇಳಬೇಡಿ. ರಕ್ತದ ಸಕ್ಕರೆ ನೋಡಲಿ, ನರ ಪರೀಕ್ಷಿಸಲಿ. ಕುಷ್ಠವೇ ಆಗಿದ್ದರೂ ಔಷಧ ಉಚಿತ. ರೋಗದ ಮಟ್ಟ ನೋಡಿ 6 ಅಥವಾ 12 ತಿಂಗಳು. ಚಿಕಿತ್ಸೆ ಆರಂಭವಾದ ಮೇಲೆ ಹರಡುವ ಭಯವಿಲ್ಲ, ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ. ಕುಷ್ಠದ ಔಷಧದಲ್ಲೂ ರಿಫಾಂಪಿಸಿನ್ ಇರುತ್ತದೆ; ಅದನ್ನು ನುಂಗಿದ ದಿನ ಮೂತ್ರ ಕೆಂಪಗಾದರೆ ಗಾಬರಿಯಾಗಬೇಡಿ, ಅದು ಮಾತ್ರೆಯ ಬಣ್ಣ. ರಕ್ತವೆಂದು ತಿಳಿದು ಮಾತ್ರೆಗಳನ್ನು ತಿಪ್ಪೆಗೆ ಎಸೆದವರನ್ನೂ ಕಂಡಿದ್ದೇನೆ.

ಆಸ್ಪತ್ರೆಗೆ ಹೋಗುವಾಗ ಅವರು ದಿನವೂ ಮೆಟ್ಟುವ ಚಪ್ಪಲಿಯನ್ನೂ ಒಯ್ಯಿರಿ. ಅದಕ್ಕೂ ಮೊದಲು ಅದರೊಳಗೆ ನೀವೇ ಒಮ್ಮೆ ಕೈಯಾಡಿಸಿ ನೋಡಿ.