ಕಾನೂನು ಸಲಹೆ: ‘ವಯಸ್ಸಾಗಿತ್ತು ಬಿಡಿ’ ಎಂದರೆ ಬಿಡಬೇಕೆ?

ಪ್ರಶ್ನೆ: ನಮ್ಮ ತಾಯಿಗೆ 76 ವರ್ಷ. ಬಿದ್ದು ಸೊಂಟದ ಮೂಳೆ ಮುರಿದು ಖಾಸಗಿ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಬಿಪಿ, ಸಕ್ಕರೆ ಕಾಯಿಲೆ ಇದ್ದರೂ ಮೂರು ದಿನ ಚೆನ್ನಾಗಿದ್ದರು. ನಾಲ್ಕನೇ ರಾತ್ರಿ ಉಸಿರಾಡಲು ಕಷ್ಟಪಟ್ಟರು. ನರ್ಸ್‌ಗೆ ಎರಡು ಸಲ ಹೇಳಿದರೂ ಡಾಕ್ಟರ್ ಬಂದದ್ದು ಬೆಳಿಗ್ಗೆ. ಐಸಿಯುಗೆ ಸೇರಿಸಿದ ಮರುದಿನ ತೀರಿಕೊಂಡರು. ಕೈಗೆ ಕೊಟ್ಟ ಡೆತ್ ಸಮರಿಯಲ್ಲಿ ‘ಹೃದಯ ಸ್ತಂಭನ’ ಎಂದಷ್ಟೇ ಇದೆ. ಪೋಸ್ಟ್‌ಮಾರ್ಟಂ ಮಾಡಿಸಲಿಲ್ಲ, ಐದು ತಿಂಗಳಾಗಿದೆ. ಅಣ್ಣ ಪೊಲೀಸರ ಹತ್ತಿರ ಹೋಗೋಣ ಎನ್ನುತ್ತಾನೆ. ನೆಂಟರು ‘ವಯಸ್ಸಾಗಿತ್ತು ಬಿಡಿ’ ಎನ್ನುತ್ತಾರೆ. ಏನು ಮಾಡಬಹುದು?
– ಹೆಸರು ಬೇಡ

ಉತ್ತರ: ‘ವಯಸ್ಸಾಗಿತ್ತು’ ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ವಯಸ್ಸಾದವರಿಗೆ ಅಪಾಯ ಹೆಚ್ಚೆಂದು ಗೊತ್ತಿದ್ದ ಮೇಲೆ ಅವರ ಮೇಲಿನ ನಿಗಾ ಇನ್ನೂ ಹೆಚ್ಚಿರಬೇಕಿತ್ತು. ಹಾಗೆಂದು ರೋಗಿ ಉಳಿಯಲಿಲ್ಲ ಎಂಬ ಒಂದೇ ಕಾರಣಕ್ಕೆ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ. ಸಾಮಾನ್ಯ ತಿಳಿವಳಿಕೆಯ ವೈದ್ಯರು ಆ ಸ್ಥಿತಿಯಲ್ಲಿ ಮಾಡುತ್ತಿದ್ದುದನ್ನು ಇವರು ಮಾಡಲಿಲ್ಲ, ಅದರಿಂದಲೇ ಜೀವ ಹೋಯಿತು ಎಂಬ ಎರಡನ್ನೂ ತೋರಿಸಬೇಕು. ಎರಡನೆಯದು ಕಷ್ಟ. ಬಿಪಿ, ಸಕ್ಕರೆ ಇತ್ತು, ಹೇಗಿದ್ದರೂ ಉಳಿಯುತ್ತಿರಲಿಲ್ಲ ಎಂದು ಆಸ್ಪತ್ರೆಯವರು ವಾದಿಸುವುದು ಖಂಡಿತ.

ಆದ್ದರಿಂದ ವಕೀಲರಿಗಿಂತ, ಪೊಲೀಸರಿಗಿಂತ ಮೊದಲು ಕೇಸ್ ಶೀಟ್, ಅಂದರೆ ಚಿಕಿತ್ಸೆಯ ಪೂರ್ತಿ ದಾಖಲೆ, ತರಿಸಿಕೊಳ್ಳಿ. ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗಕ್ಕೆ ಐಪಿ (ಒಳರೋಗಿ) ನಂಬರ್, ದಾಖಲಾದ ಮತ್ತು ತೀರಿಕೊಂಡ ದಿನಾಂಕ ಬರೆದು ಅರ್ಜಿ ಕೊಡಿ, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ವೈದ್ಯಕೀಯ ವೃತ್ತಿ ನಡಾವಳಿಯ 2002ರ ನಿಯಮಗಳ ಪ್ರಕಾರ, ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಅದನ್ನು ಕಾಪಾಡಲೂಬೇಕು. ಬರೀ ‘ದಾಖಲೆ ಕೊಡಿ’ ಎಂದು ಬರೆದರೆ ಮತ್ತೆ ಅದೇ ಸಮರಿ ಕೈಗೆ ಬರುತ್ತದೆ. ನರ್ಸ್‌ಗಳ ಟಿಪ್ಪಣಿ, ಔಷಧಿ ಚಾರ್ಟ್, ನಾಡಿ-ಬಿಪಿ-ಆಮ್ಲಜನಕದ ಚಾರ್ಟ್, ಅರಿವಳಿಕೆಯ ದಾಖಲೆ, ಒಪ್ಪಿಗೆ ಪತ್ರ, ಐಸಿಯು ಚಾರ್ಟ್, ಲ್ಯಾಬ್ ವರದಿ, ಸ್ಕ್ಯಾನ್, ಬಾಬುವಾರು ಬಿಲ್ಲು ಎಂದು ಒಂದೊಂದನ್ನೂ ಹೆಸರಿಸಿ ಕೇಳಿ. ಪುಟಗಳಿಗೆ ಸಂಖ್ಯೆ ಹಾಕಿ ದೃಢೀಕರಿಸಿ ಕೊಡಲು ಹೇಳಿ. ಆಗ ಹಾಳೆ ಬದಲಿಸುವುದು ಸುಲಭವಲ್ಲ.

ನಿಮ್ಮ ತಾಯಿಯ ವಿಷಯದಲ್ಲಿ ನಾವು ಮೊದಲು ತೆರೆಯುವುದು ಔಷಧಿ ಚಾರ್ಟು. ಸೊಂಟದ ಆಪರೇಷನ್ ಆದವರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಗಡ್ಡೆ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವ ಅಪಾಯವಿದೆ. ರಕ್ತಸ್ರಾವದ ಭಯವಿಲ್ಲದಿದ್ದರೆ ಅದನ್ನು ತಡೆಯಲು ಹೆಪಾರಿನ್ ಜಾತಿಯ ಇಂಜೆಕ್ಷನ್ ಕೊಡುವುದು ವಾಡಿಕೆ. ಚಾರ್ಟಿನಲ್ಲಿ ಅದನ್ನು ಬರೆದಿದ್ದಾರೆಯೆ, ಪ್ರತಿದಿನ ಸಮಯ ಹಾಕಿ ಸಹಿ ಮಾಡಿದ್ದಾರೆಯೆ ನೋಡಿ. ಆಮೇಲೆ ಬಿಲ್ಲಿನ ಜೊತೆ ತಾಳೆ ಹಾಕಿ. ಚಾರ್ಟಿನಲ್ಲಿ ನಾಲ್ಕು ಡೋಸಿದ್ದು ಬಿಲ್ಲಿನಲ್ಲಿ ಎರಡೇ ಇದ್ದರೆ ಪ್ರಶ್ನೆ ಅಲ್ಲೇ ಹುಟ್ಟುತ್ತದೆ. ನಾಲ್ಕನೇ ರಾತ್ರಿಯ ನರ್ಸ್ ಟಿಪ್ಪಣಿಯನ್ನು ಸಾಲು ಸಾಲಾಗಿ ಓದಿ. ಹನ್ನೊಂದು ಗಂಟೆಗೆ ಆಮ್ಲಜನಕ ಶೇ 88ಕ್ಕೆ ಇಳಿದಿದೆ ಎಂದು ಬರೆದು ಮುಂದಿನ ನಮೂದು ಬೆಳಿಗ್ಗೆ ಆರಕ್ಕೆ ಇದ್ದರೆ, ನಡುವಿನ ಆ ಏಳು ಗಂಟೆಯೇ ನಿಮ್ಮ ಕೇಸು. ಡ್ಯೂಟಿ ಡಾಕ್ಟರ್ ಹನ್ನೊಂದೂವರೆಗೇ ಬಂದು ಆಮ್ಲಜನಕ ಕೊಟ್ಟು, ಇಸಿಜಿ ತೆಗೆಸಿ, ಹಿರಿಯ ವೈದ್ಯರಿಗೆ ಫೋನ್ ಮಾಡಿದ್ದಾರೆಂದು ಇದ್ದರೆ, ಮನಸ್ಸಿಗೆ ಎಷ್ಟೇ ನೋವಾದರೂ ಕೇಸು ದುರ್ಬಲ ಎಂದೇ ಹೇಳಬೇಕಾಗುತ್ತದೆ.

‘ಹೃದಯ ಸ್ತಂಭನ’ ಸಾವಿನ ಕಾರಣವಲ್ಲ. ಯಾರೇ ತೀರಿಕೊಂಡರೂ ಹೃದಯ ನಿಲ್ಲುತ್ತದೆ. ಆಸ್ಪತ್ರೆಯು ಜನನ-ಮರಣ ನೋಂದಣಿಗೆ ಕಳಿಸುವ ಮರಣ ಕಾರಣದ ವೈದ್ಯಕೀಯ ಪ್ರಮಾಣಪತ್ರದಲ್ಲಿ, ಅಂದರೆ ನಮೂನೆ 4ರಲ್ಲಿ, ಮೂಲ ಕಾರಣ ಬರೆಯಬೇಕು. 2023ರ ತಿದ್ದುಪಡಿಯ ಪ್ರಕಾರ ಅದರ ಪ್ರತಿ ಹತ್ತಿರದ ಸಂಬಂಧಿಗೆ ಸಿಗಬೇಕು, ಅದನ್ನೂ ಕೇಳಿ. ಪೋಸ್ಟ್‌ಮಾರ್ಟಂ ಇಲ್ಲದ್ದು ಕೊರತೆ ನಿಜ, ಆದರೆ ಅಷ್ಟಕ್ಕೇ ಕೇಸು ಬಿದ್ದುಹೋಗುವುದಿಲ್ಲ. ದಾಖಲೆ ಮತ್ತು ತಜ್ಞರ ಅಭಿಪ್ರಾಯದ ಮೇಲೆ ನಡೆಯುತ್ತದೆ. ಕೇಸ್ ಶೀಟನ್ನು ಆ ಆಸ್ಪತ್ರೆಗೆ ಸಂಬಂಧವಿಲ್ಲದ ಮೂಳೆ ತಜ್ಞರಿಗೋ ಫಿಜಿಷಿಯನ್‌ಗೋ ತೋರಿಸಿ ಬರವಣಿಗೆಯಲ್ಲಿ ಅಭಿಪ್ರಾಯ ಪಡೆಯಿರಿ. ಎಲ್ಲ ಕೇಸಿಗೂ ತಜ್ಞರ ಸಾಕ್ಷ್ಯ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಕಿಶನ್ ರಾವ್ ಪ್ರಕರಣದಲ್ಲಿ ಹೇಳಿದೆ. ಆದರೂ ನಿಮ್ಮಂಥ ಕೇಸಿನಲ್ಲಿ ಅದಿಲ್ಲದೆ ಹೋಗುವುದು ಬೇಡ.

ಪರಿಹಾರಕ್ಕೆ ಸರಿಯಾದ ಜಾಗ ಜಿಲ್ಲಾ ಗ್ರಾಹಕ ಆಯೋಗ. ರೋಗಿ ತೀರಿಕೊಂಡಿದ್ದರೆ ವಾರಸುದಾರರು ದೂರು ಕೊಡಬಹುದು. ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿ, ತಂದೆಯವರಿದ್ದರೆ ಅವರನ್ನೂ, ಒಡಹುಟ್ಟಿದವರೆಲ್ಲರನ್ನೂ ದೂರುದಾರರನ್ನಾಗಿ ಸೇರಿಸಿ. ಯಾವ ಆಯೋಗ ಎಂಬುದನ್ನು ನಿರ್ಧರಿಸುವುದು ನೀವು ಕೇಳುವ ಪರಿಹಾರವಲ್ಲ, ಕಟ್ಟಿದ ಬಿಲ್ಲು. 50 ಲಕ್ಷದವರೆಗೆ ಜಿಲ್ಲಾ ಆಯೋಗವೇ. ಬಿಲ್ಲು 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಕಡ್ಡಾಯವಲ್ಲ. ಆದರೆ ವೈದ್ಯಕೀಯ ಕೇಸಿನಲ್ಲಿ ಪಾಟೀ ಸವಾಲು ಇರುವುದರಿಂದ ಅನುಭವಿ ವಕೀಲರಿರುವುದು ಒಳ್ಳೆಯದು. ಹಣದ ತೊಂದರೆಯಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ದೂರುದಾರರು ಮಹಿಳೆಯಾಗಿದ್ದರೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ರಾತ್ರಿ ಡ್ಯೂಟಿಯಲ್ಲಿ ಯಾರಿದ್ದರೋ ಗೊತ್ತಿಲ್ಲ ಎಂದು ಹಿಂಜರಿಯಬೇಡಿ. ಆಸ್ಪತ್ರೆಯೊಂದನ್ನೇ ಪ್ರತಿವಾದಿ ಮಾಡಿದರೂ ಸಾಕೆಂದು 2004ರ ಸವಿತಾ ಗರ್ಗ್ ತೀರ್ಪು ಹೇಳಿದೆ. ನೋಟಿಸ್ ತಲುಪಿದ ಮೇಲೆ ಆಸ್ಪತ್ರೆಗೆ ಉತ್ತರ ಕೊಡಲು 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ, ಅಷ್ಟೇ.

ಕಾಲಮಿತಿ ಎರಡು ವರ್ಷ. ಹೆಚ್ಚು ಜನ ಎಡವುವುದು ಇಲ್ಲಿಯೇ. ಪೊಲೀಸರಿಗೆ ಕೊಟ್ಟಿದ್ದೇವೆ, ವೈದ್ಯಕೀಯ ಪರಿಷತ್ತಿಗೆ ಬರೆದಿದ್ದೇವೆ, ಅಲ್ಲಿ ತೀರ್ಮಾನವಾಗಲಿ ಎಂದು ಕಾಯುತ್ತಾರೆ. ಅವುಗಳಿಂದ ಈ ಎರಡು ವರ್ಷದ ಲೆಕ್ಕ ನಿಲ್ಲುವುದಿಲ್ಲ. ತಡವಾದರೆ ಮನ್ನಿಸಲು ಅವಕಾಶವಿದೆ, ಆದರೆ ಅದಕ್ಕೆ ಗಟ್ಟಿ ಕಾರಣ ಬೇಕು.

ನಿಮ್ಮ ಅಣ್ಣನಿಗೆ ಹೇಳಬೇಕಾದ್ದು: ಪೊಲೀಸ್ ದಾರಿ ಇದೆ, ಆದರೆ ಕಿರಿದು. ಭಾರತೀಯ ನ್ಯಾಯ ಸಂಹಿತೆಯ ಕಲಂ 106(1)ರಲ್ಲಿ ನಿರ್ಲಕ್ಷ್ಯದಿಂದಾದ ಸಾವಿಗೆ ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ ಜೈಲು, ದಂಡ ಇದೆ. ಕ್ರಿಮಿನಲ್ ಕೇಸಿಗೆ ಬರೀ ತಪ್ಪು ಸಾಲದು, ಘೋರ ನಿರ್ಲಕ್ಷ್ಯವೇ ಬೇಕು, ಮೊದಲು ಪೊಲೀಸರು ಸ್ವತಂತ್ರ ವೈದ್ಯರ, ಸಾಧ್ಯವಾದರೆ ಸರ್ಕಾರಿ ವೈದ್ಯರ ಅಭಿಪ್ರಾಯ ಪಡೆಯಬೇಕು ಎಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳುತ್ತದೆ. ಆ ವರದಿ ‘ನಿರ್ಲಕ್ಷ್ಯವಿಲ್ಲ’ ಎಂದು ಬಂದರೆ ಅದನ್ನೇ ಆಸ್ಪತ್ರೆಯವರು ಗ್ರಾಹಕ ಆಯೋಗದಲ್ಲಿ ನಿಮ್ಮ ವಿರುದ್ಧ ಮುಂದಿಡುತ್ತಾರೆ. ಕೇಸ್ ಶೀಟ್ ಓದದೆ ಠಾಣೆಗೆ ಹೋಗುವುದು ಬೇಡ ಎನ್ನುವುದು ನಮ್ಮ ಖಚಿತ ಸಲಹೆ. ವೈದ್ಯರ ಮೇಲೆ ಶಿಸ್ತುಕ್ರಮ ಬೇಕೆಂದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಅಫಿಡವಿಟ್ ಸಹಿತ ದೂರು ಕೊಡಬಹುದು. ಅದು ಎಚ್ಚರಿಕೆ ಕೊಡಬಲ್ಲದು, ನೋಂದಣಿ ಅಮಾನತು ಮಾಡಬಲ್ಲದು. ಪರಿಹಾರದ ಹಣ ಅಲ್ಲಿ ಸಿಗುವುದಿಲ್ಲ.

ಹಣದ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ದುಡಿಯುವ ವಯಸ್ಸಿನವರು ತೀರಿಕೊಂಡರೆ ಆದಾಯನಷ್ಟವೇ ದೊಡ್ಡ ಮೊತ್ತ. 76ರಲ್ಲಿ ಅದು ಇರುವುದಿಲ್ಲ. ಆಸ್ಪತ್ರೆ ಬಿಲ್ಲು, ಮಾನಸಿಕ ಯಾತನೆ, ತಾಯಿಯ ಪಿಂಚಣಿಯಿಂದ ಮನೆ ನಡೆಯುತ್ತಿದ್ದರೆ ಆ ನಷ್ಟ, ಕೇಸಿನ ಖರ್ಚು ಎಂದು ಬೇರೆಬೇರೆಯಾಗಿ, ದಾಖಲೆಯೊಂದಿಗೆ ಕೇಳಿ. ವರ್ಷಗಟ್ಟಲೆ ಓಡಾಟವಿದೆ. ಅಮ್ಮನಿಗೆ ಆ ರಾತ್ರಿ ಏನಾಯಿತೆಂದು ತಿಳಿಯುವುದೇ ಮುಖ್ಯವೆಂದರೆ ಅದೂ ನ್ಯಾಯವಾದ ಕಾರಣವೇ. ಮಕ್ಕಳಾಗಿ ಅದನ್ನು ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ತಂದೆ ಸರ್ಕಾರಿ ಆಸ್ಪತ್ರೆಯಲ್ಲಿ ತೀರಿಕೊಂಡರು. ನಾವು ದುಡ್ಡು ಕಟ್ಟಿಲ್ಲ. ಕೇಸು ಹಾಕಲು ಆಗುವುದಿಲ್ಲವೆ?
– ಇನ್ನೊಬ್ಬ ಓದುಗರು

ಉತ್ತರ: ಆ ಆಸ್ಪತ್ರೆಯಲ್ಲಿ ಎಲ್ಲರಿಗೂ ಎಲ್ಲವೂ ಉಚಿತವಾಗಿದ್ದರೆ ಮಾತ್ರ ಗ್ರಾಹಕ ಆಯೋಗ ಆಗುವುದಿಲ್ಲ. ಕೆಲವರಿಂದ ಶುಲ್ಕ ಪಡೆಯುವ ಆಸ್ಪತ್ರೆಯಾದರೆ ಉಚಿತವಾಗಿ ಚಿಕಿತ್ಸೆ ಪಡೆದವರೂ ಗ್ರಾಹಕರೇ. ನಿಮ್ಮ ಪರವಾಗಿ ವಿಮಾ ಕಂಪನಿ ಕಟ್ಟಿದ್ದರೂ ಅದು ಉಚಿತವಲ್ಲ. 1995ರ ವಿ.ಪಿ. ಶಾಂತಾ ತೀರ್ಪಿನ ಸಾರ ಇದು. ಆಯೋಗ ಆಗದಿದ್ದರೆ 1855ರ ಮಾರಣಾಂತಿಕ ಅಪಘಾತಗಳ ಕಾಯ್ದೆಯಡಿ ಸಿವಿಲ್ ದಾವೆ ಹೂಡಬಹುದು. ಅದಕ್ಕೂ ಸಾವಿನ ದಿನದಿಂದ ಎರಡೇ ವರ್ಷ. ದಾಖಲೆಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದಲ್ಲಿ ಉತ್ತರ ಬರಬೇಕು. ಸರ್ಕಾರದ ಮೇಲೆ ದಾವೆ ಹೂಡುವ ಮುನ್ನ ಎರಡು ತಿಂಗಳ ನೋಟಿಸ್ ಕೊಡಬೇಕು. ಆ ಎರಡು ತಿಂಗಳನ್ನು ಕಾಲಮಿತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲವಾದರೂ, ಅದನ್ನು ನಂಬಿ ನೋಟಿಸನ್ನು ಕೊನೆಯ ತಿಂಗಳಿಗೆ ಉಳಿಸಿಕೊಳ್ಳಬೇಡಿ.