ಮೊದಲ ಭಾಷೆ ಯಾವುದು ಅಂತ ಕೇಳಬೇಡಿ

ಪ್ರಶ್ನೆ: ಬಿಸಿಎ ಮೊದಲ ವರ್ಷದವರಿಗೆ ಪಾಠ ಮಾಡುತ್ತೇನೆ. ಹಳೆಯ ಪ್ರೋಗ್ರಾಮಿಂಗ್ ಭಾಷೆಗಳ ಮೇಲೆ ಒಂದು ಕಿರುಪರೀಕ್ಷೆ ಇಟ್ಟಿದ್ದೆ. ‘ಮೊದಲ ಪ್ರೋಗ್ರಾಮಿಂಗ್ ಭಾಷೆ ಯಾವುದು?’ ಅನ್ನುವುದಕ್ಕೆ ನಾನು ಇಟ್ಟುಕೊಂಡಿದ್ದ ಉತ್ತರ ಫೋರ್ಟ್ರಾನ್. ಒಬ್ಬ ಹುಡುಗಿ ಪ್ಲಾಂಕಾಲ್ಕ್ಯೂಲ್ ಅಂತ ಬರೆದು, ಅಂಕ ಬೇಕೇ ಬೇಕು ಅಂತಿದ್ದಾಳೆ. ಕೊಡಬೇಕಾ? ಮುಂದಿನ ಸಲ ಎಂಥ ಪ್ರಶ್ನೆ ಕೇಳಲಿ?
– ಒಬ್ಬ ಉಪನ್ಯಾಸಕಿ

ಉತ್ತರ: ಪೂರ್ತಿ ಅಂಕ ಕೊಡಿ ಮೇಡಂ. ತಪ್ಪು ಅವಳದ್ದಲ್ಲ, ಪ್ರಶ್ನೆಯದ್ದು. ಜರ್ಮನಿಯ ಕೊನ್ರಾಡ್ ಝೂಸ 1945ರ ಹೊತ್ತಿಗೇ ಪ್ಲಾಂಕಾಲ್ಕ್ಯೂಲ್ ರೂಪಿಸಿದ್ದರು. ಆದರೆ ಆಗ ಅದು ಕಾಗದದ ಮೇಲೇ ಉಳಿಯಿತು. 1952ರಲ್ಲಿ ಮ್ಯಾಂಚೆಸ್ಟರಿನ ಯಂತ್ರಕ್ಕೆ ಅಲಿಕ್ ಗ್ಲೆನಿ ಆಟೋಕೋಡ್ ಅನ್ನುವ ಭಾಷೆ ಮಾಡಿದರು. ಐಬಿಎಂನಲ್ಲಿ ಜಾನ್ ಬ್ಯಾಕಸ್ ತಂಡದ ಫೋರ್ಟ್ರಾನ್ ಬಳಕೆಗೆ ಬಂದದ್ದು 1957ರಲ್ಲಿ. ತುಂಬಾ ಜನ ಬಳಸಿದ ಮೊದಲ ಮೇಲ್ಮಟ್ಟದ (ಮನುಷ್ಯರ ಬರಹಕ್ಕೆ ಹತ್ತಿರವಾದ) ಭಾಷೆ ಅಂತ ಕೇಳಿದ್ದರೆ ನಿಮ್ಮ ಉತ್ತರ ಸರಿ ಇರುತ್ತಿತ್ತು.

‘ಕೋಬಾಲ್ ಕಂಡುಹಿಡಿದವರು ಯಾರು?’ ಅನ್ನುವುದೂ ಇಂಥದ್ದೇ. ಎಲ್ಲರೂ ಗ್ರೇಸ್ ಹಾಪರ್ ಅಂತ ಬರೆಯುತ್ತಾರೆ. ಅವರ ಫ್ಲೋ-ಮ್ಯಾಟಿಕ್ ಭಾಷೆ ಕೋಬಾಲಿಗೆ ಬುನಾದಿ ಹೌದು, ಆದರೆ 1959ರಲ್ಲಿ ಕೋಬಾಲನ್ನು ರೂಪಿಸಲು ಕೂತದ್ದು ಒಂದು ಸಮಿತಿ.

ಇಸವಿ, ಪೂರ್ಣರೂಪ ಎಲ್ಲ ಮಕ್ಕಳು ಹಿಂದಿನ ರಾತ್ರಿ ಬಾಯಿಪಾಠ ಮಾಡಿ ಬರುತ್ತಾರೆ. ಅದರ ಬದಲು ಹಳೆಯ ಫೋರ್ಟ್ರಾನಿನ ಒಂದೇ ಒಂದು ಸಾಲು ಬೋರ್ಡಿನ ಮೇಲೆ ಬರೆಯಿರಿ:

ಡು 10 ಐ = 1,10

ಅಂದರೆ, ಐ ಬೆಲೆಯನ್ನು 1ರಿಂದ 10ರವರೆಗೆ ಏರಿಸುತ್ತಾ, 10 ಅಂತ ನಂಬರ್ ಹಾಕಿದ ಸಾಲಿನವರೆಗಿನ ಕೆಲಸವನ್ನು ಹತ್ತು ಸಲ ಮಾಡು. ಈಗ ಆ ಅಲ್ಪವಿರಾಮ ಅಳಿಸಿ ಚುಕ್ಕೆ ಇಡಿ. ಏನಾಗುತ್ತೆ ಅಂತ ಕೇಳಿ. ‘ಎರರ್ ಬರುತ್ತೆ’ ಅಂತಾರೆ ಹೆಚ್ಚಿನವರು. ಬರುವುದಿಲ್ಲ!

ಯಾಕೆ ಅಂದರೆ, ಆ ಫೋರ್ಟ್ರಾನ್ ನಡುವಿನ ಖಾಲಿ ಜಾಗವನ್ನು ಲೆಕ್ಕಕ್ಕೇ ತಗೊಳ್ಳುತ್ತಿರಲಿಲ್ಲ. ಕೈಬರಹದ ಹಾಳೆ ನೋಡಿ ಪ್ರೋಗ್ರಾಮನ್ನು ಕಾರ್ಡಿನಲ್ಲಿ ತೂತುಗಳಾಗಿ ಪಂಚ್ ಮಾಡುವವರಿಗೆ ಎಷ್ಟು ಜಾಗ ಬಿಡಬೇಕು ಅನ್ನುವುದು ಗೊತ್ತಾಗದೆ ತಪ್ಪುಗಳಾಗುತ್ತಿದ್ದವು, ಅದಕ್ಕೇ ಈ ಅನುಕೂಲ. ಹಾಗಾಗಿ ಚುಕ್ಕೆ ಇಟ್ಟ ಕೂಡಲೇ ‘ಡು10ಐ’ ಅನ್ನುವುದು ಒಂದು ವೇರಿಯಬಲ್ (ಬೆಲೆ ಇಟ್ಟುಕೊಳ್ಳುವ ಜಾಗ) ಹೆಸರಾಗಿಬಿಡುತ್ತದೆ. ಅದಕ್ಕೆ 1.10 ಬೆಲೆ ಸಿಗುತ್ತದೆ. ಮೊದಲೇ ಘೋಷಿಸಬೇಕು ಅನ್ನುವ ನಿಯಮವೂ ಇಲ್ಲ. ಹೆಸರು ಇಂಗ್ಲಿಷಿನ ಐನಿಂದ ಎನ್‌ವರೆಗಿನ ಅಕ್ಷರದಲ್ಲಿ ಶುರುವಾದರೆ ಪೂರ್ಣಾಂಕ, ಇಲ್ಲದಿದ್ದರೆ ದಶಮಾಂಶ. ಇಲ್ಲಿ ಶುರು ಡಿ, ಹಾಗಾಗಿ 1.10 ಸಲೀಸಾಗಿ ಕೂರುತ್ತದೆ. ಮತ್ತೆ ಮತ್ತೆ ಮಾಡಿಸುವ ಲೂಪೇ ಇಲ್ಲ. ಹತ್ತು ಸಲ ಆಗಬೇಕಾದ ಕೆಲಸ ಒಂದೇ ಸಲ ಆಗುತ್ತದೆ, ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತರುವ ಕಂಪೈಲರ್ ಬಾಯಿ ಬಿಡುವುದಿಲ್ಲ.

ಈ ಒಂದು ಸಾಲಿನಲ್ಲಿ ಮೂರು ನಿಯಮ ಪರೀಕ್ಷೆ ಆದವು ಅಲ್ವಾ? ನನಗೆ ಇದಕ್ಕಿಂತ ಇಷ್ಟವಾದ ಪ್ರಶ್ನೆ ಇನ್ನೊಂದಿಲ್ಲ. ಆದರೆ ಒಂದು ಎಚ್ಚರ: 1962ರಲ್ಲಿ ಅಮೆರಿಕದ ಮ್ಯಾರಿನರ್-1 ನೌಕೆ ಹಾಳಾಗಿದ್ದು ಈ ಚುಕ್ಕೆಯಿಂದಲೇ ಅನ್ನುವ ಕತೆ ಬಹಳ ಕಡೆ ಇದೆ. ಅದನ್ನು ಹೇಳಿಕೊಡಬೇಡಿ. ಅಲ್ಲಿ ಬಿಟ್ಟುಹೋಗಿದ್ದು ಸೂತ್ರದಲ್ಲಿ ಒಂದು ಅಕ್ಷರದ ತಲೆಯ ಮೇಲೆ ಎಳೆಯಬೇಕಿದ್ದ ಗೆರೆ.

ಬೇಸಿಕ್ ಭಾಷೆಯ ಬಗ್ಗೆಯೂ ಒಂದಿರಲಿ. 1964ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕರ್ಟ್ಜ್ ಇದನ್ನು ಮಾಡಿದ್ದು ಗಣಿತ, ವಿಜ್ಞಾನ ಓದದ ಹುಡುಗರಿಗೂ ಬರಲಿ ಅಂತ. ಅದರ ಸಾಲುಗಳಿಗೆ 10, 20, 30 ಅಂತ ನಂಬರ್ ಹಾಕುತ್ತಿದ್ದರು. 1, 2, 3 ಅಂತ ಯಾಕೆ ಹಾಕಲಿಲ್ಲ? ಇದನ್ನು ಕೇಳಿ. ಆಗ ಕೆಲಸ ಟೆಲಿಟೈಪ್ ಮೇಲೆ, ಅಂದರೆ ಟೈಪ್ ಮಾಡಿದ್ದನ್ನು ಕಾಗದದ ಮೇಲೆ ಅಚ್ಚುಹಾಕುವ ಯಂತ್ರದ ಮೇಲೆ. ಕಾಗದದ ಮೇಲೆ ಅಚ್ಚಾದದ್ದರ ನಡುವೆ ಕರ್ಸರ್ ಇಟ್ಟು ತಿದ್ದುವ ಮಾತೇ ಇಲ್ಲ. ಮಕ್ಕಳಿಗೆ ತಿಳಿಯದಿದ್ದರೆ ಉತ್ತರ ಹೇಳಬೇಡಿ. ಮೂರು ಸಾಲು ಬರೆಸಿ, 10 ಮತ್ತು 20ರ ಮಧ್ಯೆ ಇನ್ನೊಂದು ಸೇರಿಸಿ ಅನ್ನಿ. ಕೆಳಗೆ ಹೋಗಿ 15 ಅಂತ ಅವರೇ ಬರೆಯುತ್ತಾರೆ. ಯಂತ್ರ ನಂಬರಿನ ಕ್ರಮ ನೋಡಿ ಅದನ್ನು ಮಧ್ಯಕ್ಕೇ ಸೇರಿಸಿಕೊಳ್ಳುತ್ತಿತ್ತು.