ಮಗನ ಪಾಸ್‌ವರ್ಡ್ ನನ್ನ ಹತ್ತಿರ ಇದೆ, ತೆರೆದು ನೋಡಲೇ?

ಪ್ರಶ್ನೆ: ಮಗ ದೂರದ ಯೂನಿವರ್ಸಿಟಿಯಲ್ಲಿ ಮೊದಲ ವರ್ಷದಲ್ಲಿದ್ದಾನೆ. ನಮ್ಮ ಮನೆಯಲ್ಲಿ ಇಷ್ಟು ಓದಿದವರು ಬೇರೆ ಯಾರೂ ಇಲ್ಲ. ಶುರುವಿನಲ್ಲಿ ದಿನಾ ಫೋನ್ ಮಾಡುತ್ತಿದ್ದ. ಈಗ ಎರಡು ತಿಂಗಳಿಂದ ಏನು ಕೇಳಿದರೂ ‘ಹ್ಞೂಂ’, ‘ಸರಿ’, ‘ಆಮೇಲೆ ಮಾಡ್ತೀನಿ’. ವಾಟ್ಸಾಪ್‌ನಲ್ಲಿ ನೋಡಿದರೆ ರಾತ್ರಿ ಮೂರು ಗಂಟೆಗೂ ಎಚ್ಚರ ಇರುತ್ತಾನೆ. ಗಾಬರಿಯಾಗಿ ಅವನ ವಿಭಾಗದ ಆಫೀಸಿಗೆ ಫೋನ್ ಮಾಡಿದೆ. ‘ಅವನಿಗೆ 18 ತುಂಬಿದೆ, ಅವನು ಒಪ್ಪದೆ ಮಾರ್ಕ್ಸ್, ಹಾಜರಿ ಏನೂ ಹೇಳೋಕಾಗಲ್ಲ’ ಅಂದರು. ಸಾಲ ಮಾಡಿ ಓದಿಸುತ್ತಿರುವುದು ನಾವು, ಆ ಮಾತು ಅವನಿಗೂ ಆಗಾಗ ನೆನಪಿಸುತ್ತಿರುತ್ತೇನೆ. ಅಡ್ಮಿಷನ್ ವೇಳೆ ಫಾರಂ ತುಂಬಲು ಅವನು ಕೊಟ್ಟ ಪಾಸ್‌ವರ್ಡ್ ಇನ್ನೂ ನನ್ನ ಹತ್ತಿರ ಇದೆ. ತೆರೆದರೆ ಎಲ್ಲಾ ಗೊತ್ತಾಗುತ್ತದೆ. ‘ಅವನ ಪಾಡಿಗೆ ಅವನನ್ನ ಬಿಡು’ ಅನ್ನುತ್ತಾರೆ ನನ್ನ ಗಂಡ. ನಾನೇನು ಮಾಡಲಿ?

ಉತ್ತರ: ತೆರೆಯಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಈ ಪತ್ರ ಬರೆದ ರಾತ್ರಿಯೇ ನಿಮ್ಮ ಕೈ ಆ ಪಾಸ್‌ವರ್ಡ್ ಕಡೆ ಹೋಗಿರಬಹುದು.

ತೆರೆದಿರಿ ಅಂತಲೇ ಇಟ್ಟುಕೊಳ್ಳೋಣ. ಎರಡು ವಿಷಯದಲ್ಲಿ ಫೇಲ್ ಅಂತ ಕಂಡಿತು. ಮುಂದೇನು? ಗೊತ್ತಿಲ್ಲದ ಹಾಗೆ ಫೋನಿನಲ್ಲಿ ಮಾತಾಡೋಕೆ ನಿಮ್ಮಿಂದ ಆಗುತ್ತದಾ? ಒಂದು ಮಾತು ಬಾಯಿ ತಪ್ಪಿ ಬಂದರೂ ಅವನಿಗೆ ತಿಳಿದುಹೋಗುತ್ತದೆ. ಆಮೇಲೆ ಆಗುವುದು ಇಷ್ಟೇ: ಪಾಸ್‌ವರ್ಡ್ ಬದಲಾಗುತ್ತದೆ, ಫೋನ್ ಇನ್ನೂ ಕಡಿಮೆಯಾಗುತ್ತದೆ, ನಿಜವಾದ ಕಷ್ಟ ಬಂದ ದಿನ ಅವನು ನಿಮ್ಮ ನಂಬರ್ ಒತ್ತುವುದಿಲ್ಲ. ನಿಮಗೆ ಮಾರ್ಕ್ಸ್ ಸಿಗುತ್ತದೆ, ಮಗ ದೂರ ಆಗುತ್ತಾನೆ.

ಆಫೀಸಿನವರ ಮಾತು ನಿಮಗೆ ನೋವು ಕೊಟ್ಟಿದೆ. ಹಣ ಕಟ್ಟುವವರಿಗೇ ಉತ್ತರ ಇಲ್ಲ ಅಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ಇದು ನಿಮ್ಮೊಬ್ಬರ ಮೇಲಿನ ಹಟ ಅಲ್ಲ. ಅಮೆರಿಕದಲ್ಲಿ 1974ರ ಒಂದು ಕಾನೂನು ಇದೆ. ಅದರ ಪ್ರಕಾರ ಮಗು ಕಾಲೇಜು ಸೇರಿದ ಮೇಲೆ ಓದಿನ ದಾಖಲೆಗಳ ಹಕ್ಕು ಅಪ್ಪ ಅಮ್ಮನಿಂದ ವಿದ್ಯಾರ್ಥಿಗೆ ಹೋಗುತ್ತದೆ. ಪ್ರಾಣಕ್ಕೆ, ಆರೋಗ್ಯಕ್ಕೆ ಅಪಾಯ ಅನ್ನಿಸಿದರೆ ಮನೆಯವರಿಗೆ ತಿಳಿಸಲು ಅದೇ ಕಾನೂನು ಅವಕಾಶವನ್ನೂ ಕೊಡುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್ ಯೂನಿವರ್ಸಿಟಿ 2018ರಲ್ಲಿ ಇನ್ನೊಂದು ದಾರಿ ಹಿಡಿಯಿತು. ‘ನಿನ್ನ ಬಗ್ಗೆ ನಮಗೆ ತುಂಬಾ ಆತಂಕ ಆದರೆ ಮನೆಯವರಿಗೋ ಗೆಳೆಯರಿಗೋ ಹೇಳಬಹುದಾ’ ಅಂತ ವಿದ್ಯಾರ್ಥಿಗಳನ್ನೇ ಮೊದಲು ಕೇಳಿಟ್ಟುಕೊಳ್ಳುವ ಪದ್ಧತಿ. ನಿಯಮ ಎಲ್ಲಾ ಕಡೆ ಒಂದೇ ಥರ ಇಲ್ಲ. ನಿಮ್ಮ ಮಗನ ಕಡೆ ಇಂಥ ಫಾರಂ ಇದೆಯಾ ಅಂತ ಅವನನ್ನೇ ಕೇಳಿ, ಇದ್ದರೆ ತುಂಬಿಸಿ.

ಇನ್ನೊಂದು ವಿಷಯ ತುಂಬಾ ಜನ ಅಪ್ಪ ಅಮ್ಮಂದಿರಿಗೆ ಹೊಳೆಯುವುದೇ ಇಲ್ಲ. ಆಫೀಸಿನವರು ನಿಮಗೆ ಹೇಳುವಂತಿಲ್ಲ, ಸರಿ. ನೀವು ಹೇಳಿದ್ದನ್ನು ಕೇಳಿಸಿಕೊಳ್ಳಲು ಅವರಿಗೆ ಯಾವ ಅಡ್ಡಿಯೂ ಇಲ್ಲ. ವಿದ್ಯಾರ್ಥಿಗಳ ಯೋಗಕ್ಷೇಮ ನೋಡುವವರೋ ಹಾಸ್ಟೆಲ್ ವಾರ್ಡನ್ನೋ ಇದ್ದರೆ ಅವರ ಹತ್ತಿರ ಮಾತಾಡಿ. ‘ನನಗೆ ಮಾಹಿತಿ ಬೇಡ. ಎರಡು ತಿಂಗಳಿಂದ ಅವನು ಮಾತಾಡುತ್ತಿಲ್ಲ, ರಾತ್ರಿ ನಿದ್ದೆ ಮಾಡುತ್ತಿಲ್ಲ. ಯಾರಾದರೂ ಒಮ್ಮೆ ಅವನನ್ನು ಮಾತಾಡಿಸಿ’ ಅನ್ನಿ. ಹಾಗೆ ಫೋನ್ ಮಾಡಿದ್ದೇನೆ ಅಂತ ಮಗನಿಗೂ ಹೇಳಿಬಿಡಿ. ಬೆನ್ನ ಹಿಂದೆ ಏನೂ ಬೇಡ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಾಲಿಗೆ ಬರುತ್ತೇನೆ. ಸಾಲ ಮಾಡಿ ಓದಿಸುತ್ತಿದ್ದೇವೆ ಅಂತ ಆಗಾಗ ನೆನಪಿಸುತ್ತೇನೆ ಅಂದಿದ್ದೀರಿ. ಹುರುಪು ಬರಲಿ ಅಂತಲೇ ಹೇಳಿರುತ್ತೀರಿ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಮೊದಲ ಟೆಸ್ಟಿನಲ್ಲಿ ಕಡಿಮೆ ಮಾರ್ಕ್ಸ್ ಬಂದ ಹುಡುಗನ ಕಿವಿಗೆ ಆ ಮಾತು ಹೇಗೆ ಬೀಳುತ್ತದೆ ನೋಡಿ. ಊರಿಗೇ ಮೊದಲಿಗನಾಗಿ ಬರುತ್ತಿದ್ದವನು ಅಲ್ಲಿ ಹೋಗಿ ಕೂತರೆ ಪಕ್ಕದವರೆಲ್ಲಾ ಅವನಷ್ಟೇ ಜಾಣರು. ಪಾಠ ಅರ್ಥ ಆಗುತ್ತಿಲ್ಲ ಅಂತ ಹೇಳಿಕೊಳ್ಳೋಕೂ ನಾಚಿಕೆ. ರಾತ್ರಿ ಫೋನ್ ಬರುತ್ತದೆ: ‘ಊಟ ಆಯ್ತಾ? ಕ್ಲಾಸಿಗೆ ಹೋದ್ಯಾ? ಮಾರ್ಕ್ಸ್ ಬಂತಾ?’ ಮೂರನೇ ಪ್ರಶ್ನೆಗೆ ನಿಜ ಹೇಳಿದರೆ ಮನೆಯ ಸಾಲ, ಅಪ್ಪನ ದುಡಿಮೆ, ನಿಮ್ಮ ಆಸೆ ಎಲ್ಲಾ ಒಟ್ಟಿಗೆ ಎದುರಿಗೆ ಬಂದು ನಿಲ್ಲುತ್ತವೆ. ‘ಹ್ಞೂಂ’ ಅಂದುಬಿಟ್ಟರೆ ಅವತ್ತಿಗೆ ಬಚಾವ್. ನಿಮ್ಮ ಮಗನಿಗೆ ಹೀಗೇ ಆಗಿದೆ ಅಂತ ನಾನು ಹೇಳಲಾರೆ. ಆದರೆ ಮನೆಯಿಂದ ಮೊದಲ ಸಲ ಯೂನಿವರ್ಸಿಟಿಗೆ ಹೋದ ಮಕ್ಕಳು ಇದನ್ನೇ ಬೇರೆ ಬೇರೆ ಮಾತುಗಳಲ್ಲಿ ಹೇಳುತ್ತಾರೆ.

ಹೀಗೆ ಮುಚ್ಚಿಟ್ಟರೆ ಆಗುವ ನಷ್ಟ ದೊಡ್ಡದು. ಯೂನಿವರ್ಸಿಟಿಗಳಲ್ಲಿ ಸಾಮಾನ್ಯವಾಗಿ ಮರುಪರೀಕ್ಷೆ ಇರುತ್ತದೆ, ವಿಷಯ ಬದಲಿಸಲು ಅವಕಾಶ ಇರುತ್ತದೆ, ಹುಷಾರಿಲ್ಲದಿದ್ದರೆ ಒಂದು ಸೆಮಿಸ್ಟರ್ ಬಿಡುವು ತೆಗೆದುಕೊಳ್ಳಬಹುದು, ಕೌನ್ಸೆಲರ್ ಇರುತ್ತಾರೆ, ಶುಲ್ಕದ ನೆರವು ಕೂಡ ಕೆಲವು ಕಡೆ ಸಿಗುತ್ತದೆ. ಪ್ರತಿಯೊಂದಕ್ಕೂ ಕೊನೆ ದಿನಾಂಕ ಅಂತ ಒಂದಿರುತ್ತದೆ. ಮನೆಯಲ್ಲಿ ಹೇಳೋಕೆ ಹೆದರಿ ಕೂತ ಹುಡುಗ ಆ ದಿನಾಂಕವನ್ನೂ ದಾಟಿಸಿಬಿಡುತ್ತಾನೆ. ಸರಿಮಾಡಬಹುದಾದ ಒಂದು ಪೇಪರ್ ಒಂದು ವರ್ಷವನ್ನೇ ನುಂಗುವುದು ಹೀಗೆ.

ನಿಮ್ಮ ಯಜಮಾನರ ಮಾತಿಗೂ ನಾನು ಪೂರ್ತಿ ಒಪ್ಪುವುದಿಲ್ಲ. ಹಿಂದೆ ದೊಡ್ಡ ವಿದ್ವಾಂಸರೂ ಹಾಗೇ ಯೋಚಿಸಿದ್ದುಂಟು. ಮಕ್ಕಳು ಓದನ್ನು ಅರ್ಧಕ್ಕೆ ಬಿಡುವುದೇಕೆ ಅಂತ ಅಧ್ಯಯನ ಮಾಡಿದ ಅಮೆರಿಕದ ವಿನ್ಸೆಂಟ್ ಟಿಂಟೋ ಮೊದಲು, ಹಳೆಯ ನಂಟುಗಳಿಂದ ಸ್ವಲ್ಪ ಬಿಡಿಸಿಕೊಂಡರೇ ಹೊಸ ಜಾಗದಲ್ಲಿ ಬೇರೂರಬಹುದು ಅನ್ನುವ ಧಾಟಿಯಲ್ಲಿ ಬರೆದಿದ್ದರು. ಆಮೇಲೆ ಬಂದ ಸಂಶೋಧಕರು ಇದನ್ನು ಪ್ರಶ್ನಿಸಿದರು. ಎಷ್ಟೋ ವಿದ್ಯಾರ್ಥಿಗಳನ್ನು ಓದಿನಲ್ಲಿ ಹಿಡಿದು ನಿಲ್ಲಿಸಿದ್ದೇ ಮನೆಯ ಬೆಂಬಲ ಅಂತ ತೋರಿಸಿಕೊಟ್ಟರು. ಹಾಗಾಗಿ ಸುಮ್ನೆ ಬಿಟ್ಟುಬಿಡುವುದು ಬೇಡ. ಹೆಜ್ಜೆ ಹೆಜ್ಜೆಗೂ ಕಾವಲು ಕಾಯುವುದೂ ಬೇಡ. ಅಪ್ಪ ಅಮ್ಮ ಎಲ್ಲದರಲ್ಲೂ ಕೈ ಹಾಕಿದರೆ ಕಾಲೇಜು ಮಕ್ಕಳಲ್ಲಿ ಆತಂಕ ಜಾಸ್ತಿ, ‘ನನ್ನಿಂದ ಆಗುತ್ತೆ’ ಅನ್ನುವ ಧೈರ್ಯ ಕಡಿಮೆ ಅಂತ ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ.

ಹಾಗಾದರೆ ಏನು ಮಾಡಬೇಕು? ಅವನಿಗೆ ಒಂದು ಮೆಸೇಜ್ ಬರೆಯಿರಿ. ಫೋನಿಗಿಂತ ಅದೇ ಒಳ್ಳೆಯದು, ತಕ್ಷಣ ಉತ್ತರ ಕೊಡುವ ಒತ್ತಡ ಇರುವುದಿಲ್ಲ. ನಿಮ್ಮದೇ ಮಾತಲ್ಲಿ, ಹೆಚ್ಚುಕಮ್ಮಿ ಹೀಗೆ: ‘ನಿನ್ನ ಪಾಸ್‌ವರ್ಡ್ ನನ್ನ ಹತ್ರ ಇದೆ. ನೋಡಬೇಕು ಅನ್ನಿಸಿತ್ತು, ನೋಡಿಲ್ಲ. ನೀನು ಬದಲಾಯಿಸಿಕೋ. ಸಾಲದ ಮಾತು ತುಂಬಾ ಸಲ ಆಡಿದೀನಿ, ಇನ್ನು ಆಡಲ್ಲ, ಅದು ನಮ್ಮ ತಲೆನೋವು. ಮಾರ್ಕ್ಸ್ ಹೇಗೇ ಬಂದಿರಲಿ, ನನಗೆ ಹೇಳಬಹುದು. ನೀನು ಹೇಗಿದೀಯ ಅಂತ ಮಾತ್ರ ತಿಳಿದರೆ ಸಾಕು.’ ನಿಮ್ಮ ಯಜಮಾನರೂ ಕೆಳಗೆ ಒಂದು ಸಾಲು ಸೇರಿಸಲಿ. ಅವನು ಹೆಚ್ಚು ಹೆದರಿರುವುದು ಅಪ್ಪನಿಗೇ ಇರಬಹುದು, ಅಲ್ವಾ?

ಆಮೇಲೆ ಫೋನಿನಲ್ಲಿ ಆ ಮೂರು ಪ್ರಶ್ನೆಗಳನ್ನು ಕೆಲವು ದಿನ ಪಕ್ಕಕ್ಕಿಡಿ. ಮನೆಯ ಸುದ್ದಿ ಹೇಳಿ. ಹೇಳಲು ಏನೂ ಇಲ್ಲದಿದ್ದರೆ ಎರಡು ನಿಮಿಷಕ್ಕೇ ಇಟ್ಟುಬಿಡಿ. ಆ ರಾತ್ರಿ ಮೂರು ಗಂಟೆಯ ವಾಟ್ಸಾಪ್ ನೋಡುವುದನ್ನೂ ಬಿಡಿ. ಅದರಿಂದ ನಿಮ್ಮ ನಿದ್ದೆ ಕೆಡುವುದು ಬಿಟ್ಟರೆ ಬೇರೇನೂ ಆಗುವುದಿಲ್ಲ.

ಇಷ್ಟು ತಾಳ್ಮೆ ಹೇಳಿದವಳು ಒಂದು ಕಡೆ ಮಾತ್ರ ತಾಳ್ಮೆ ಬೇಡ ಅನ್ನುತ್ತೇನೆ. ಊಟ, ಸ್ನಾನ ಬಿಟ್ಟಿದ್ದಾನೆ, ರೂಮಿನಿಂದ ಹೊರಗೇ ಬರುತ್ತಿಲ್ಲ ಅಂತ ಗೊತ್ತಾದರೆ, ಅಥವಾ ‘ನಾನಿಲ್ಲದಿದ್ದರೆ ನಿಮಗೆ ಆರಾಮ’ ಅನ್ನುವಂಥ ಮಾತು ಬಾಯಿಂದ ಬಂದರೆ, ಅವತ್ತೇ ಹೊರಡಿ. ಹೊರಡುವ ಮೊದಲು ಹಾಸ್ಟೆಲಿಗೆ ಫೋನ್ ಮಾಡಿ, ಅವನನ್ನು ಒಬ್ಬನೇ ಬಿಡಬೇಡಿ ಅಂತ ಹೇಳಿ. ‘ಸಾಯುವ ಯೋಚನೆ ಬರುತ್ತಾ?’ ಅಂತ ಅವನನ್ನು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗೆ ಅನ್ನುವ ಭಯ ತುಂಬಾ ಜನಕ್ಕಿದೆ. ಹಾಗೇನೂ ಆಗುವುದಿಲ್ಲ. ಕೇಳಿದ್ದರಿಂದ ಹಗುರಾಗಿ ಮಾತಾಡಿದವರೂ ಇದ್ದಾರೆ.

ಅಷ್ಟು ದೂರ ಹೋಗದೆ, ಮೆಸೇಜ್ ಓದಿದ ಮೇಲೆ ಅವನಾಗಿಯೇ ‘ಎರಡು ಪೇಪರ್ ಹೋಗಿದೆ ಅಮ್ಮಾ’ ಅಂದ ಅಂತಿಟ್ಟುಕೊಳ್ಳಿ. ‘ಯಾಕೋ ಇಷ್ಟು ದಿನ ಹೇಳಲಿಲ್ಲ?’ ಅನ್ನುವ ಪ್ರಶ್ನೆ ನಾಲಿಗೆ ತುದಿಗೇ ಬಂದಿರುತ್ತದೆ. ಅದನ್ನು ನುಂಗಿಕೊಳ್ಳಿ. ಮರುಪರೀಕ್ಷೆಗೆ ಅರ್ಜಿ ಹಾಕಲು ಕೊನೆ ದಿನ ಯಾವುದು ಅಂತ ಕೇಳಿ, ಇಬ್ಬರೂ ಬರೆದಿಟ್ಟುಕೊಳ್ಳಿ.